ಮೈಚರ್ಮವನ್ನೂ ಒಮ್ಮೆ ವೈದ್ಯರಿಗೆ ತೋರಿಸೋಣ

(ಸಂಘದ ಬೆಳ್ಳಿಹಬ್ಬದ ಸಿದ್ಧತೆಗಾಗಿ ಕರೆದಿದ್ದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ 25 ವರ್ಷ ತುಂಬಿದೆ. ಬೆಳ್ಳಿಹಬ್ಬಕ್ಕೆ ಏನೇನು ಕಾರ್ಯಕ್ರಮ ಇಡಬೇಕೆಂದು ಮಂಡಳಿಯಲ್ಲಿ ಚರ್ಚೆ ಮಾಡಿದಾಗ ಮಿಶ್ರತಳಿ ಕರುಗಳ ಪ್ರದರ್ಶನ, ಹಾಲು ಕರೆಯುವ ಸ್ಪರ್ಧೆ, ಮಕ್ಕಳಿಗೆ ಬಹುಮಾನ, ಕಣ್ಣಿನ ತಪಾಸಣೆ ಇವಕ್ಕೆಲ್ಲ ಎಲ್ಲರೂ ಒಪ್ಪಿದರು. ಚರ್ಮ ತಪಾಸಣೆ ಶಿಬಿರವನ್ನೂ ಇಡೋಣ ಎಂಬ ಸೂಚನೆ ಬಂದಾಗ ಮಾತ್ರ ನಗು ಎದ್ದಿತು. "ಕಣ್ಣು ಮಂಜಾದರೆ ಕಷ್ಟ, ಸಕ್ಕರೆ ಬಂದರೆ ಕಷ್ಟ. ಚರ್ಮಕ್ಕೇನಪ್ಪಾ ಶಿಬಿರ? ಕಜ್ಜಿ ತುರಿ ನೋಡೋಕೂ ಡಾಕ್ಟರು ಊರಿಗೆ ಬರಬೇಕಾ?" ಎಂದು ಹಿರಿಯರೊಬ್ಬರು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಈ ಪ್ರಶ್ನೆ ಇಲ್ಲಿ ಕುಳಿತಿರುವ ಬಹಳ ಜನರ ಮನಸ್ಸಿನಲ್ಲೂ ಇದೆ. ಅದಕ್ಕೆ ಉತ್ತರ ಹೇಳುವ ಕೆಲಸವನ್ನು ಮಂಡಳಿಯವರು ನಮಗೆ ಒಪ್ಪಿಸಿದ್ದಾರೆ. ನಾವು ಎಸ್ಸೆಸ್ಸೆಲ್ಸಿ ಮುಗಿಸಿ ಹೊಲಕ್ಕೆ ಇಳಿದವರು, ವೈದ್ಯ ಓದಿದವರಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಹತ್ತಿರ ಮತ್ತು ತಾಲೂಕು ಆಸ್ಪತ್ರೆಯ ಚರ್ಮದ ವೈದ್ಯರ ಹತ್ತಿರ ಕೇಳಿ ತಿಳಿದುಕೊಂಡದ್ದನ್ನು, ಈ ಊರಿನಲ್ಲೇ ಕಣ್ಣಾರೆ ಕಂಡದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಮೊದಲು ನಮ್ಮ ಹಸುಗಳ ವಿಚಾರದಿಂದಲೇ ಶುರು ಮಾಡೋಣ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದ ಕಾಲವನ್ನು ಯಾರೂ ಮರೆತಿಲ್ಲ. ಬೆಳಗ್ಗೆ ಎದ್ದು ಕೊಟ್ಟಿಗೆಗೆ ಹೋದರೆ ಮೊದಲು ಮಾಡುತ್ತಿದ್ದುದು ಹಸುವಿನ ಮೈ ಸವರಿ ಎಲ್ಲಾದರೂ ಗಂಟು ಎದ್ದಿದೆಯೇ ಎಂದು ನೋಡುವುದು. ಕುತ್ತಿಗೆ, ಕೆಚ್ಚಲು, ಬಾಲದ ಬುಡ, ಕಾಲಸಂದಿ ಯಾವುದನ್ನೂ ಬಿಡಲಿಲ್ಲ. ಒಂದು ಗಂಟು ಕೈಗೆ ಸಿಕ್ಕರೆ ಪಶುವೈದ್ಯರಿಗೆ ಫೋನು. ಲಸಿಕೆ ಹಾಕಿಸಲು ಸಾಲು ನಿಂತೆವು. ಇನ್ನು ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೇವೆ, ಗೊರಸು ಎತ್ತಿ ನೋಡುತ್ತೇವೆ, ಯಾವ ಸುಳಿ ಎಲ್ಲಿದೆ ಎಂದು ಮೈಯೆಲ್ಲ ಹುಡುಕುತ್ತೇವೆ. ಅಂಥ ನಮ್ಮನ್ನು "ನಿಮ್ಮ ಅಂಗಾಲನ್ನು ಕಡೇ ಸಲ ಯಾವಾಗ ನೋಡಿಕೊಂಡಿರಿ?" ಅಂತ ಕೇಳಿದರೆ ಸಭೆಯಲ್ಲಿ ಎಷ್ಟು ಕೈ ಮೇಲೆ ಏಳುತ್ತವೆ? ಬೆನ್ನಿನ ವಿಷಯ ಕೇಳಲೇಬೇಡಿ. ಅದು ನಮ್ಮ ಮೈಯಲ್ಲೇ ಇದ್ದರೂ ನಾವು ಕಾಣದ ಜಾಗ.

ಮಚ್ಚೆಯ ವಿಷಯದಲ್ಲಿ ನಮಗೆ ಶಾಸ್ತ್ರ ಗೊತ್ತು. ತುಟಿಯ ಹತ್ತಿರ ಇದ್ದರೆ ಮಾತುಗಾರ, ಅಂಗೈಯಲ್ಲಿ ಇದ್ದರೆ ಕೈಯಲ್ಲಿ ದುಡ್ಡು ಓಡಾಡುತ್ತದೆ, ಅಂಗಾಲಲ್ಲಿ ಇದ್ದರೆ ಊರೂರು ಸುತ್ತುತ್ತಾನೆ ಎನ್ನುತ್ತಾರೆ. ಶಾಲೆಯಲ್ಲೂ ದಾಖಲೆ ಬರೆಯುವಾಗ ಮೇಷ್ಟ್ರು ಗುರುತಿನ ಚಿಹ್ನೆ ಕೇಳುತ್ತಿದ್ದರು. ಅಂಗಿ ಗುಂಡಿ ಬಿಚ್ಚಿ, ತೋಳು ಮಡಿಸಿ, ಎರಡು ಮಚ್ಚೆ ಹುಡುಕಿ ಬರೆಸುತ್ತಿದ್ದೆವು. ನಮ್ಮ ಮಚ್ಚೆಯನ್ನು ಯಾರಾದರೂ ಗಮನವಿಟ್ಟು ನೋಡಿದ್ದು ಅದೇ ಮೊದಲು, ಅದೇ ಕೊನೆ. ಅದು ಈಗಲೂ ಅಷ್ಟೇ ಇದೆಯೇ, ಬೆಳೆದಿದೆಯೇ ಎಂದು ಆಮೇಲೆ ಯಾರೂ ಕೇಳಲಿಲ್ಲ.

ಹೆದರಿಸುವುದು ನಮ್ಮ ಉದ್ದೇಶವಲ್ಲ. ಮೈಮೇಲಿನ ಮಚ್ಚೆಗಳಲ್ಲಿ ಬಹುಪಾಲು ಏನೂ ಮಾಡುವುದಿಲ್ಲ. ಹುಟ್ಟಿದ ಮಗುವಿನ ಸೊಂಟದ ಕೆಳಗೆ ಕಾಣುವ ನೀಲಿ ಕಲೆ ಸಾಮಾನ್ಯವಾಗಿ ತಾನಾಗಿ ಮಾಸುತ್ತದೆ. ವಯಸ್ಸಾದವರ ಮುಖದ ಮೇಲೆ, ಬೆನ್ನ ಮೇಲೆ ಅಂಟಿಸಿದ ಹಾಗೆ ಏಳುವ ಕಪ್ಪು ಬೊಕ್ಕೆಗಳೂ, ಕುತ್ತಿಗೆಯಲ್ಲಿ ಜೋತುಬೀಳುವ ಸಣ್ಣ ಕಾಳುಗಳೂ ರೋಗವಲ್ಲ. ಆದರೆ ಸಾವಿರಕ್ಕೋ ಲಕ್ಷಕ್ಕೋ ಒಂದು ಕಪ್ಪು ಕಲೆ ಕ್ಯಾನ್ಸರ್ ಆಗಿರುತ್ತದೆ. ಅದಕ್ಕೆ ಮೆಲನೋಮ ಎಂದು ಹೆಸರು. ಬಿಳಿ ಚರ್ಮದವರಿರುವ ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಬಿಸಿಲಿನಿಂದ ಇದು ಬಹಳ. ನಮ್ಮ ಕಂದು ಚರ್ಮಕ್ಕೆ ಬಿಸಿಲನ್ನು ತಡೆಯುವ ಶಕ್ತಿ ಇರುವುದರಿಂದ ನಮ್ಮಲ್ಲಿ ಅಪರೂಪ. ಆದರೆ ನಮ್ಮಂಥವರಿಗೆ ಬಂದಾಗ ಅದು ಬಿಸಿಲು ಬೀಳದ ಜಾಗವನ್ನೇ ಹೆಚ್ಚಾಗಿ ಹುಡುಕುತ್ತದೆ: ಅಂಗಾಲು, ಅಂಗೈ, ಉಗುರಿನ ಕೆಳಗೆ. ನಾವು ನೋಡದ ಜಾಗ, ನೋಡಿದರೂ ಮುಳ್ಳು ಎಂದೋ ಆಣಿ ಎಂದೋ ಬಿಟ್ಟುಬಿಡುವ ಜಾಗ.

ನಮ್ಮ ಹುಡುಗರು ಟೀ ಶರ್ಟಿನ ಮೇಲೆ ಜಡೆಗಟ್ಟಿದ ಕೂದಲಿನ ಒಬ್ಬ ಹಾಡುಗಾರನ ಚಿತ್ರ ಹಾಕಿಕೊಂಡು ತಿರುಗುತ್ತಾರಲ್ಲ, ಆತ ಜಮೈಕಾ ದೇಶದ ಬಾಬ್ ಮಾರ್ಲಿ. 1977ರಲ್ಲಿ ಆತನ ಕಾಲ್ಬೆರಳ ಉಗುರಿನ ಕೆಳಗೆ ಇದೇ ಮೆಲನೋಮ ಪತ್ತೆಯಾಯಿತು. ಫುಟ್‌ಬಾಲ್ ಆಡುವಾಗ ಆದ ಪೆಟ್ಟು ಎಂದು ಮೊದಲು ತಿಳಿದಿದ್ದರಂತೆ. 1981ರಲ್ಲಿ ತೀರಿಕೊಂಡಾಗ ಆತನಿಗೆ ಬರೀ 36 ವರ್ಷ. ಚಿತ್ರ ಹಾಕಿಕೊಳ್ಳುವ ಹುಡುಗರು ಇದನ್ನೂ ತಿಳಿದುಕೊಂಡರೆ ಒಳ್ಳೆಯದು.

ಅಷ್ಟು ದೂರ ಹೋಗುವುದು ಬೇಡ. ನಮ್ಮ ಸದಸ್ಯರೊಬ್ಬರ ತಾಯಿಯ ವಿಚಾರ ನಿಮಗೆಲ್ಲ ಗೊತ್ತು. ಅದನ್ನು ಸಭೆಯಲ್ಲಿ ಹೇಳಿ, ನಾಲ್ಕು ಜನಕ್ಕೆ ತಿಳಿಯಲಿ ಎಂದು ಮನೆಯವರೇ ಒಪ್ಪಿಗೆ ಕೊಟ್ಟಿದ್ದಾರೆ. ಆ ತಾಯಿಯ ಹಿಮ್ಮಡಿಯ ಪಕ್ಕ ಒಂದು ಕಪ್ಪು ಕಲೆ ಇತ್ತು. ಜಾಲಿ ಮುಳ್ಳು ಮುರಿದು ಒಳಗೆ ಉಳಿದಿದೆ ಎಂದು ಪಿನ್ನು ಹಾಕಿ ಕೆದಕಿದರು, ಎಕ್ಕದ ಹಾಲು ಹಚ್ಚಿದರು. ಮುಳ್ಳು ಬರಲಿಲ್ಲ. ನೋವಂತೂ ಇರಲಿಲ್ಲ. ನೋವಿಲ್ಲದ ಮೇಲೆ ಕಳೆ ಕೀಳುವುದು, ಹುಲ್ಲು ಕೊಯ್ಯುವುದು ನಿಲ್ಲುತ್ತದೆಯೇ? ಎರಡು ವರ್ಷ ಹೀಗೆ ಹೋಯಿತು. ಕಲೆ ಹರಡಿ, ನಡುವೆ ಒಡೆದು ನೀರು ಸೋರಲು ಶುರುವಾದ ಮೇಲೆ ಪಟ್ಟಣದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅಲ್ಲಿ ನಾಲ್ಕು ತಿಂಗಳು ಪಟ್ಟಿ ಕಟ್ಟಿದರೇ ಹೊರತು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಲಿಲ್ಲ. ಕೊನೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಚೂರು ಪರೀಕ್ಷೆ ಮಾಡಿದಾಗ ಕಾಯಿಲೆ ತೊಡೆಸಂದಿಯ ಗಂಟಿಗೂ ಹೋಗಿ ಆಗಿತ್ತು. ಪಾದದ ಹಿಂಭಾಗ ತೆಗೆದರು. ಹನ್ನೊಂದು ತಿಂಗಳಲ್ಲಿ ಆ ತಾಯಿ ಹೋದರು. ಮೂರು ಹಸು ಕಟ್ಟಿ, ಹಾಲಿನ ದುಡ್ಡಿನಲ್ಲೇ ಮೊಮ್ಮಗಳನ್ನು ನರ್ಸಿಂಗ್ ಓದಿಸುತ್ತಿದ್ದವರು.

ಇಂಥ ಕಲೆ ಚರ್ಮದಲ್ಲಿ 1 ಮಿಲಿಮೀಟರಿಗಿಂತ ತೆಳ್ಳಗೆ ಇರುವಾಗಲೇ ತೆಗೆಸಿದರೆ ಬಹುತೇಕ ಮಂದಿ ಉಳಿಯುತ್ತಾರೆ ಎಂದು ಚರ್ಮದ ವೈದ್ಯರು ನಮಗೆ ಹೇಳಿದರು. ಆಳಕ್ಕೆ ಇಳಿದಷ್ಟೂ ಕಷ್ಟ. ಬೇರು ಬಿಡುವ ಮೊದಲು ಕಳೆ ಕಿತ್ತ ಹಾಗೆ.

ಯಾವ ಮಚ್ಚೆಯನ್ನು ಅನುಮಾನಿಸಬೇಕು? 1985ರಲ್ಲಿ ನ್ಯೂಯಾರ್ಕಿನ ವೈದ್ಯರು ಇದಕ್ಕೆ ಎ, ಬಿ, ಸಿ, ಡಿ ಎಂದು ನಾಲ್ಕು ಗುರುತು ಹೇಳಿದರು, 2004ರಲ್ಲಿ ಇ ಸೇರಿತು. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ ಹೀಗೆ. ಮಚ್ಚೆಯ ನಡುವೆ ಗೆರೆ ಎಳೆದರೆ ಎರಡು ಕಡೆಯೂ ಒಂದೇ ಥರ ಇರಬೇಕು, ಸೊಟ್ಟಗಿದ್ದರೆ ಅನುಮಾನ. ಅಂಚು ದುಂಡಗೆ ಇರಬೇಕು, ಇಲಿ ಕಡಿದ ರೊಟ್ಟಿಯ ಹಾಗಿದ್ದರೆ ಅನುಮಾನ. ಬಣ್ಣ ಒಂದೇ ಇರಬೇಕು, ಒಂದು ಕಡೆ ಕಪ್ಪು, ಒಂದು ಕಡೆ ಕಂದು, ಮತ್ತೊಂದು ಕಡೆ ಕೆಂಪು ಅಥವಾ ನೀಲಿ ಇದ್ದರೆ ತೋರಿಸಿ. 6 ಮಿಲಿಮೀಟರಿಗಿಂತ, ಅಂದರೆ ದಪ್ಪ ತೊಗರಿ ಕಾಳಿಗಿಂತ ಅಗಲವಾಗಿದ್ದರೆ ತೋರಿಸಿ. ಐದನೆಯದೇ ಮುಖ್ಯ: ಬದಲಾವಣೆ. ಹೋದ ದೀಪಾವಳಿಗೆ ಇದ್ದದ್ದು ಈ ದೀಪಾವಳಿಗೆ ದೊಡ್ಡದಾಗಿದ್ದರೆ, ತುರಿಸಿದರೆ, ರಕ್ತ ಬಂದರೆ ಕಾಯಬೇಡಿ. ಇವುಗಳ ಜೊತೆಗೆ ನಮ್ಮ ಕಡೆಯವರು ಇನ್ನೆರಡು ಸೇರಿಸಿಕೊಳ್ಳಬೇಕು. ಒಂದು, ಅಂಗಾಲು ಅಂಗೈಯಲ್ಲಿ ಹೊಸದಾಗಿ ಬಂದ ಕಪ್ಪು ಕಲೆ. ಇನ್ನೊಂದು, ಒಂದೇ ಉಗುರಿನಲ್ಲಿ ಉದ್ದಕ್ಕೆ ಬಂದ ಕಪ್ಪು ಗೆರೆ, ಅದೂ ಅಗಲವಾಗುತ್ತಾ ಉಗುರಿನ ಬುಡದ ಚರ್ಮಕ್ಕೆ ಹರಡಿದ್ದರೆ. ಕಲ್ಲು ಎಡವಿ ಉಗುರಿನ ಕೆಳಗೆ ರಕ್ತ ಕಟ್ಟಿದ್ದು ಉಗುರು ಬೆಳೆದ ಹಾಗೆ ಮುಂದಕ್ಕೆ ಸರಿದು ಹೋಗುತ್ತದೆ. ಈ ಗೆರೆ ಸರಿಯುವುದಿಲ್ಲ.

ಮಚ್ಚೆಯಷ್ಟೇ ಆಗಿದ್ದರೆ ನಾವೂ ಇಷ್ಟು ಒತ್ತಾಯ ಮಾಡುತ್ತಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಮೈಚರ್ಮ ನೋಡಿಸಬೇಕಾದ ದೊಡ್ಡ ಕಾರಣ ಮತ್ತೊಂದಿದೆ. ಅದರ ಹೆಸರು ಹೇಳಲು ಹಿಂದಿನವರು ಅಂಜಿ "ದೊಡ್ಡ ರೋಗ" ಅನ್ನುತ್ತಿದ್ದರು. ಕುಷ್ಠರೋಗ. ಅದೆಲ್ಲ ಹೋಗಿಬಿಟ್ಟಿದೆ ಎಂದು ಕೆಲವರು ಹೇಳುವುದನ್ನು ಕೇಳಿದ್ದೇವೆ. 2005ರ ಕೊನೆಯಲ್ಲಿ ನಮ್ಮ ದೇಶದಲ್ಲಿ ರೋಗಿಗಳ ಸಂಖ್ಯೆ 10,000 ಜನಕ್ಕೆ ಒಂದಕ್ಕಿಂತ ಕಡಿಮೆಯಾಯಿತು ಎಂಬುದು ನಿಜ. ಅದನ್ನೇ ಪೂರಾ ಹೋಯಿತು ಎಂದುಕೊಂಡರು. 2023ರಲ್ಲಿ ಪ್ರಪಂಚದಲ್ಲೆಲ್ಲ 1 ಲಕ್ಷ 80 ಸಾವಿರಕ್ಕೂ ಹೆಚ್ಚು ಹೊಸ ರೋಗಿಗಳು ಪತ್ತೆಯಾದರು, ಅದರಲ್ಲಿ 1 ಲಕ್ಷಕ್ಕೂ ಹೆಚ್ಚು ಮಂದಿ ನಮ್ಮ ದೇಶದವರೇ.

ಇದರ ಮೊದಲ ಗುರುತು ಬಹಳ ಸಾಧು. ಚರ್ಮದ ಬಣ್ಣಕ್ಕಿಂತ ತುಸು ತಿಳಿಯಾದ ಅಥವಾ ಕೆಂಪಾದ ಒಂದು ಮಚ್ಚೆ. ತುರಿಕೆ ಇಲ್ಲ, ನೋವಿಲ್ಲ. ಮುಟ್ಟಿದರೆ ಅಲ್ಲಿ ಸ್ಪರ್ಶ ಗೊತ್ತಾಗುವುದಿಲ್ಲ, ಬಿಸಿ ತಣ್ಣಗೆ ತಿಳಿಯುವುದಿಲ್ಲ. ಕೆಲವರಿಗೆ ಮಚ್ಚೆ ಕಾಣದೆ ಕೈಕಾಲು ಜೋಮು ಹಿಡಿಯುತ್ತದೆ, ಕಿವಿಹಾಲೆ ದಪ್ಪವಾಗುತ್ತದೆ. ಇದನ್ನೂ ತೊನ್ನನ್ನೂ ಒಂದೇ ಎಂದುಕೊಂಡು ಎಷ್ಟೋ ಹೆಣ್ಣುಮಕ್ಕಳ ಮದುವೆ ನಿಲ್ಲಿಸಿದ್ದಾರೆ. ತೊನ್ನು ಹಾಲಿನಂತೆ ಬೆಳ್ಳಗಿರುತ್ತದೆ, ಅಲ್ಲಿ ಮುಟ್ಟಿದರೆ ಚೆನ್ನಾಗಿ ಗೊತ್ತಾಗುತ್ತದೆ, ಅದು ಒಬ್ಬರಿಂದ ಒಬ್ಬರಿಗೆ ಅಂಟುವುದೇ ಇಲ್ಲ. ಕುಷ್ಠವೂ ನಾವು ಹೆದರುವಷ್ಟು ಅಂಟುವ ರೋಗವಲ್ಲ. ಔಷಧ ತೆಗೆದುಕೊಳ್ಳದ ರೋಗಿಯ ಜೊತೆ ಬಹುಕಾಲ ಹತ್ತಿರ ಇದ್ದರೆ ಉಸಿರಿನ ಮೂಲಕ ಬರಬಹುದು, ಅದೂ ಹೆಚ್ಚಿನವರ ಮೈ ಅದನ್ನು ತಾನೇ ತಡೆದುಕೊಳ್ಳುತ್ತದೆ. ರೋಗಾಣು ಒಳಗೆ ಹೋಗಿ ಗುರುತು ಕಾಣಲು ಸರಾಸರಿ 5 ವರ್ಷ, ಕೆಲವರಿಗೆ 20 ವರ್ಷವೂ ಆಗುತ್ತದಂತೆ.

ಈ ಸಂಘಕ್ಕೆ ಹಾಲು ಹಾಕುವ ಸದಸ್ಯರೊಬ್ಬರ ಮುಂದೋಳಿನ ಮೇಲೆ ಇಂಥದೊಂದು ಮಚ್ಚೆ ಇತ್ತು. ಹೆಸರು ಬೇಡ. ಹೇಳಿ ಎಂದು ಅವರೇ ನಮಗೆ ಹೇಳಿದ್ದಾರೆ. ಹುಳುಕಡ್ಡಿ ಇರಬೇಕೆಂದು ಔಷಧಿ ಅಂಗಡಿಯಲ್ಲಿ ಕೇಳಿದ ಟ್ಯೂಬನ್ನು ಹಚ್ಚಿಕೊಂಡು ನಾಲ್ಕು ವರ್ಷ ಕಳೆದರು. ಒಂದು ದಿನ ಬೀಡಿ ಸೇದುತ್ತಾ ಕುಳಿತಿದ್ದಾಗ ಬೆರಳು ಸುಟ್ಟ ವಾಸನೆ ಪಕ್ಕದಲ್ಲಿದ್ದವರಿಗೆ ಬಂತು, ಅವರಿಗೆ ಗೊತ್ತಾಗಲಿಲ್ಲ. ಆಮೇಲೆ ಕಿರುಬೆರಳು, ಉಂಗುರದ ಬೆರಳು ಮಡಚಿಕೊಂಡವು. ಆಶಾ ಕಾರ್ಯಕರ್ತೆ ಮನೆ ಮನೆ ಭೇಟಿಗೆ ಬಂದಾಗ ಆ ಕೈ ನೋಡಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ರೋಗ ಅದೇ ಎಂದು ತಿಳಿಯಿತು.

ಊರಿಗೆ ಸುದ್ದಿ ಬರಲು ಎಷ್ಟು ಹೊತ್ತು? ಮೂರನೇ ದಿನ ಬೆಳಗಿನ ಸರದಿಯಲ್ಲಿ "ಅವರ ಹಾಲು ಬೇರೆ ಇಡಿ, ನಮ್ಮ ಹಾಲಿನ ಜೊತೆ ಬೆರೆಸಬೇಡಿ" ಎಂದು ಗುಸುಗುಸು ಶುರುವಾಯಿತು. ಇಬ್ಬರು ಕ್ಯಾನು ವಾಪಸ್ಸು ತೆಗೆದುಕೊಂಡು ಹೋದರು. ಆ ಮನುಷ್ಯ ಅಲ್ಲೇ ಕಂಬದ ಹಿಂದೆ ನಿಂತಿದ್ದರು, ಮುಂದೆ ಬರಲಿಲ್ಲ. ಸಂಜೆಯೇ ತುರ್ತು ಸಭೆ ಕರೆದೆವು, ವೈದ್ಯರನ್ನೂ ಕರೆಸಿದೆವು. ವೈದ್ಯರು ಹೇಳಿದ್ದು ಇಷ್ಟು: ಈ ರೋಗ ಹಾಲಿನಿಂದ, ಊಟದಿಂದ, ಮುಟ್ಟಿ ಮಾತಾಡುವುದರಿಂದ ಬರುವುದಿಲ್ಲ, ಮಾತ್ರೆ ಶುರುವಾದ ಸ್ವಲ್ಪ ದಿನಕ್ಕೇ ರೋಗಿಯಿಂದ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ, ಆದರೆ ಕೈಮೇಲೆ ಹಸಿ ಗಾಯ ಇರುವಾಗ ಯಾರೂ, ಯಾವ ಕಾರಣದ ಗಾಯವಾದರೂ ಸರಿ, ಹಾಲು ಕರೆಯಬಾರದು. ಗಾಯ ಮಾಯುವ ತನಕ ಅವರ ಮನೆಯವರು ಕರೆಯಲಿ ಎಂದು ಗೊತ್ತುಮಾಡಿದೆವು. ಡಿಗ್ರಿ ನೋಡಿ, ಫ್ಯಾಟ್ ನೋಡಿ ಹಾಲು ತೆಗೆದುಕೊಳ್ಳುವ ನಿಯಮ ನಮ್ಮಲ್ಲಿ ಇದೆ. ಕಾಯಿಲೆ ಹೆಸರು ಕೇಳಿ ಹಾಲು ಬಿಡುವ ನಿಯಮ ಯಾವ ಬೈಲಾದಲ್ಲಿದೆ ತೋರಿಸಿ ಎಂದು ಕೇಳಿದೆವು. ಹಾಲು ಎಂದಿನಂತೆ ತೆಗೆದುಕೊಳ್ಳುವುದು ಎಂದು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲ ನಿರ್ದೇಶಕರೂ ರುಜು ಹಾಕಿದೆವು. ಕ್ಯಾನು ವಾಪಸ್ಸು ಒಯ್ದ ಇಬ್ಬರಲ್ಲಿ ಒಬ್ಬರು ವಾರದಲ್ಲಿ ಬಂದರು. ಇನ್ನೊಬ್ಬರು ಒಂದೂವರೆ ತಿಂಗಳು ಹೋಟೆಲಿಗೆ ಹಾಕಿ, ದರ ಗಿಟ್ಟದೆ ಬಂದರು.

ಆ ಸದಸ್ಯರು 12 ತಿಂಗಳು ಮಾತ್ರೆ ನುಂಗಿ ಗುಣವಾದರು. ಈ ಚಿಕಿತ್ಸೆಗೆ ಸರಕಾರಿ ಆಸ್ಪತ್ರೆಯಲ್ಲಿ ಒಂದು ಪೈಸೆ ಕೊಡಬೇಕಾಗಿಲ್ಲ. ಒಂದಕ್ಕಿಂತ ಹೆಚ್ಚು ಔಷಧ ಸೇರಿಸಿ ಕೊಡುವ ಈ ಕ್ರಮ ನಮ್ಮ ದೇಶದಲ್ಲಿ 1980ರ ದಶಕದಿಂದ ಇದೆ. ರೋಗ ಕಡಿಮೆ ಇದ್ದರೆ 6 ತಿಂಗಳು, ಹೆಚ್ಚಿದ್ದರೆ 12 ತಿಂಗಳು. ಮಾತ್ರೆ ತೆಗೆದುಕೊಂಡಾಗ ಮೂತ್ರ ಕೆಂಪಗೆ ಬಂದರೆ ಗಾಬರಿಯಾಗಿ ನಿಲ್ಲಿಸಬಾರದು, ಅದು ಔಷಧದ ಬಣ್ಣ. ಮೈ ಸ್ವಲ್ಪ ಕಪ್ಪಾದರೂ ಮಾತ್ರೆ ಮುಗಿದ ಮೇಲೆ ನಿಧಾನವಾಗಿ ತಿಳಿಯಾಗುತ್ತದೆ. ಮನೆಯವರನ್ನೂ ಪರೀಕ್ಷೆ ಮಾಡಿ, ರೋಗ ಇಲ್ಲದವರಿಗೆ ಮುಂದೆ ಬರದಿರಲೆಂದು ಒಂದು ಸಲದ ಮಾತ್ರೆ ಕೊಟ್ಟರು. ಇಷ್ಟೆಲ್ಲ ಆದರೂ ಮಡಚಿದ ಎರಡು ಬೆರಳು ಮಡಚಿಕೊಂಡೇ ಇವೆ. ರೋಗ ಹೋಗುತ್ತದೆ, ಸತ್ತ ನರ ತಿರುಗಿ ಬರುವುದು ಕಷ್ಟ. ಮಚ್ಚೆ ಕಂಡ ಮೊದಲ ವರ್ಷವೇ ತೋರಿಸಿದ್ದರೆ ಬೆರಳು ಉಳಿಯುತ್ತಿದ್ದವು ಎಂದು ವೈದ್ಯರು ಹೇಳಿದರು. ಕಾನೂನು ಕೂಡ ಈ ರೋಗಿಗಳ ಪರವಾಗಿ ತಿರುಗಿದೆ. ಗಂಡ ಅಥವಾ ಹೆಂಡತಿಗೆ ಕುಷ್ಠ ಇದೆ ಎಂಬ ಕಾರಣಕ್ಕೆ ವಿಚ್ಛೇದನ ಕೇಳುವ ಅವಕಾಶವನ್ನು 2019ರಲ್ಲಿ ತೆಗೆದುಹಾಕಿದ್ದಾರೆ.

ಇನ್ನು ತಾಯಂದಿರಿಗೆ ಒಂದು ಮಾತು, ಪಂಚೆ ಉಡುವ ಹಿರಿಯರಿಗೂ ಸೇರಿಸಿ. ಲಂಗದ ಲಾಡಿಯನ್ನು ಒಂದೇ ಜಾಗದಲ್ಲಿ ಬಿಗಿಯಾಗಿ ಕಟ್ಟಿ ಕಟ್ಟಿ ಸೊಂಟದಲ್ಲಿ ಕಪ್ಪು ಗೆರೆ ಬೀಳುತ್ತದೆ. ಬೆವರಿಗೆ ತುರಿಸುತ್ತದೆ, ಸಿಪ್ಪೆ ಏಳುತ್ತದೆ. ಹೆಚ್ಚಿನವರಿಗೆ ಅಷ್ಟಕ್ಕೇ ನಿಲ್ಲುತ್ತದೆ. ಆದರೆ ಅಲ್ಲಿ ಆದ ಹುಣ್ಣು ಮಾಯದೆ ವರ್ಷಗಟ್ಟಲೆ ಉಳಿದು ಕ್ಯಾನ್ಸರಿಗೆ ತಿರುಗಿದ್ದನ್ನು ನಮ್ಮ ದೇಶದ ವೈದ್ಯರೇ ಬರೆದಿಟ್ಟಿದ್ದಾರೆ. ಧೋತ್ರ ಬಿಗಿದು ಕಟ್ಟುವ ಗಂಡಸರಲ್ಲಿ ಇಂಥದನ್ನು ಮುಂಬಯಿಯ ಖಾನೋಲ್ಕರ್ ಮತ್ತು ಸೂರ್ಯಾಬಾಯಿ ಎಂಬುವರು 1945ರಲ್ಲೇ ತೋರಿಸಿಕೊಟ್ಟಿದ್ದರು. ಲಾಡಿ ಅಗಲವಾಗಿರಲಿ, ಸಡಿಲ ಕಟ್ಟಿ, ಕಟ್ಟುವ ಜಾಗ ಆಗಾಗ ಮೇಲೆ ಕೆಳಗೆ ಮಾಡಿ. ಹಾಗೆಯೇ ಒಲೆಯ ಬೆಂಕಿ, ಬಿಸಿನೀರು ಬಿದ್ದು ಸುಟ್ಟ ಹಳೇ ಕಲೆಯ ಮೇಲೆ ಎಷ್ಟೋ ವರ್ಷದ ನಂತರ ಹುಣ್ಣೆದ್ದರೆ ತೋರಿಸಲೇಬೇಕು. ಮೈಮೇಲೆ ಎಲ್ಲೇ ಆಗಲಿ, ಒಂದು ತಿಂಗಳಾದರೂ ಮಾಯದ ಗಾಯವನ್ನು ಮುಚ್ಚಿಡಬೇಡಿ. ಸಕ್ಕರೆ ಕಾಯಿಲೆಯವರಂತೂ ದಿನಾ ರಾತ್ರಿ ಕಾಲು ತೊಳೆದು ಅಂಗಾಲು ನೋಡಿಕೊಳ್ಳಬೇಕು. ಬಗ್ಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಲಿ.

ಮನೆಮದ್ದಿನ ಬಗ್ಗೆ ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು, ಆದರೂ ಹೇಳುತ್ತೇವೆ. ನರಹುಲಿಗೆ ಕುದುರೆ ಬಾಲದ ಕೂದಲು ಕಟ್ಟುವುದು, ಮಚ್ಚೆಗೆ ಸುಣ್ಣ ಸೋಡ ಕಲಸಿ ಹಚ್ಚಿ ಸುಡುವುದು, ಗೇರೆಣ್ಣೆ ಮುಟ್ಟಿಸುವುದು ಎಲ್ಲ ನಡೆದಿದೆ. ಒಳ್ಳೆಯ ಮಚ್ಚೆಯಾದರೆ ಗಾಯವಾಗಿ ಕಲೆ ಉಳಿಯುತ್ತದೆ, ಅಷ್ಟೇ. ಕೆಟ್ಟ ಮಚ್ಚೆಯಾದರೆ ಮೇಲಿನದು ಸುಟ್ಟು ಬೇರು ಒಳಗೇ ಉಳಿಯುತ್ತದೆ, ಆಮೇಲೆ ವೈದ್ಯರು ಪರೀಕ್ಷೆ ಮಾಡಲು ಸರಿಯಾದ ಚೂರೇ ಸಿಗುವುದಿಲ್ಲ. ಇದಕ್ಕಿಂತ ಹೆಚ್ಚು ಹಾಳು ಮಾಡಿರುವುದು ಮುಲಾಮಿನ ಟ್ಯೂಬು. ಹುಳುಕಡ್ಡಿಗೆಂದು ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಹುಳುಕಡ್ಡಿ ಮಾತ್ರ ಒಳಗೊಳಗೇ ಹಬ್ಬಿ ಮನೆ ಮಂದಿಗೆಲ್ಲ ಬರುತ್ತದೆ, ಚರ್ಮ ತೆಳ್ಳಗಾಗುತ್ತದೆ. 2018ರಲ್ಲಿ ಕೇಂದ್ರ ಸರಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಮಾಡಿದೆ. ಅಂಗಡಿಯವನು ಕೊಡುತ್ತಾನೆ ಎಂದು ನಾವು ತರುವುದು ಬೇಡ.

ಒಬ್ಬರ ಚರ್ಮ ನೋಡಿದ್ದು ಇಡೀ ಊರಿಗೆ ಉಪಯೋಗವಾಗುವುದೂ ಉಂಟು. ನಮ್ಮದೇ ರಾಜ್ಯದ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಜನರ ಮೈಮೇಲೆ ಚುಕ್ಕೆ ಚುಕ್ಕೆ ಕಲೆ, ಅಂಗೈ ಅಂಗಾಲು ಗಡಸಾಗುವುದು ಕಂಡಿತ್ತು. ನೋಡಿದಾಗ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇದ್ದದ್ದು ಗೊತ್ತಾಯಿತು. ಹಳೇ ಚಿನ್ನದ ಗಣಿಯ ಸುತ್ತಿನ ನೆಲ ಅದು. 2013ರಲ್ಲಿ ಅದರ ವರದಿ ಪ್ರಕಟವಾಗಿದೆ.

ತಪಾಸಣೆ ಅಂದರೆ ಏನು ಮಾಡುತ್ತಾರೆ ಎಂದು ತಿಳಿಯದೆ ಎಷ್ಟೋ ಜನ ಹಿಂಜರಿಯುತ್ತಾರೆ. ನಾವೇ ಹೋಗಿ ಮಾಡಿಸಿಕೊಂಡು ಬಂದಿದ್ದೇವೆ, ಕಾಲು ಗಂಟೆಯ ಕೆಲಸ. ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ. ಮೊದಲು ಯಾವ ಕಲೆ ಎಷ್ಟು ದಿನದಿಂದ ಇದೆ, ಮನೆಯಲ್ಲಿ ಬೇರೆಯವರಿಗೆ ಇದೆಯೇ ಎಂದು ಕೇಳುತ್ತಾರೆ. ಆಮೇಲೆ ನೆತ್ತಿಯಿಂದ ಹಿಡಿದು ಕಿವಿಯ ಹಿಂದೆ, ಬಾಯೊಳಗೆ, ಬೆನ್ನು, ಕಂಕುಳು, ಸೊಂಟ, ಬೆರಳ ಸಂದಿ, ಉಗುರು, ಅಂಗಾಲು ಹೀಗೆ ಸ್ವಲ್ಪ ಸ್ವಲ್ಪ ಬಟ್ಟೆ ಸರಿಸಿ ನೋಡುತ್ತಾರೆ. ಅನುಮಾನದ ಮಚ್ಚೆ ಇದ್ದರೆ ದೀಪವಿರುವ ಒಂದು ಭೂತಗನ್ನಡಿ ಇಟ್ಟು ನೋಡಿ, ಅಳತೆ ತೆಗೆದು ಬರೆದಿಡುತ್ತಾರೆ. ತಿಳಿ ಮಚ್ಚೆಯಾದರೆ ಕಣ್ಣು ಮುಚ್ಚಿಸಿ ಹತ್ತಿಯ ಎಳೆ ಮುಟ್ಟಿಸಿ, ಎಲ್ಲಿ ಮುಟ್ಟಿದೆವು ಬೆರಳಿಟ್ಟು ತೋರಿಸಿ ಅನ್ನುತ್ತಾರೆ. ಮೊಣಕೈ, ಮೊಣಕಾಲಿನ ಪಕ್ಕ ನರ ದಪ್ಪಗಿದೆಯೇ ಎಂದು ಒತ್ತಿ ನೋಡುತ್ತಾರೆ. ಅಗತ್ಯ ಬಿದ್ದರೆ ಮಾತ್ರ ಆ ಜಾಗವನ್ನು ಮರಗಟ್ಟಿಸಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಕತ್ತಿ ತಾಗಿದರೆ ಕ್ಯಾನ್ಸರ್ ಕೆರಳುತ್ತದೆ ಎಂಬ ಮಾತು ಊರಲ್ಲಿದೆ, ಅದರಲ್ಲಿ ಹುರುಳಿಲ್ಲ. ಚೂರು ಪರೀಕ್ಷೆ ಇಲ್ಲದೆ ಕಾಯಿಲೆಯ ಹೆಸರನ್ನೇ ಖಚಿತ ಮಾಡಲಾಗುವುದಿಲ್ಲ.

ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಏನೂ ಲಕ್ಷಣ ಇಲ್ಲದವರನ್ನೆಲ್ಲ ಹೀಗೆ ನೋಡುವುದರಿಂದ ಎಷ್ಟು ಲಾಭ ಎಂದು ತೀರ್ಮಾನಿಸಲು ಸಾಕಷ್ಟು ಆಧಾರವಿಲ್ಲ ಎಂದು ಅಮೆರಿಕದ ತಜ್ಞರ ಮಂಡಳಿ 2023ರಲ್ಲಿ ಹೇಳಿದೆ. ಅವರು ಹೇಳಿದ್ದು ಚರ್ಮದ ಕ್ಯಾನ್ಸರ್ ಒಂದನ್ನೇ ಇಟ್ಟುಕೊಂಡು. ನಮ್ಮ ಲೆಕ್ಕ ಬೇರೆ. ನಾವು ಬರಿಗಾಲಲ್ಲಿ ಗದ್ದೆಗೆ ಇಳಿಯುವವರು, ಜೋಮು ಹಿಡಿದರೆ ಗೇಯ್ದದ್ದು ಹೆಚ್ಚಾಯಿತು ಅನ್ನುವವರು, ಲಕ್ಷಣ ಇದ್ದರೂ ಇಲ್ಲ ಅನ್ನುವವರು. ಅದಕ್ಕೇ ವರ್ಷಕ್ಕೊಂದು ದಿನ ಸಾಕು ಎಂದು ಮಂಡಳಿ ತೀರ್ಮಾನಿಸಿದೆ. ಉಳಿದ ದಿನ ಮನೆಯಲ್ಲೇ ನೋಡಿಕೊಳ್ಳಬಹುದು. ಯುಗಾದಿಗೆ, ದೀಪಾವಳಿಗೆ ಎಣ್ಣೆ ಸ್ನಾನ ಮಾಡುತ್ತೇವಲ್ಲ, ಅದಕ್ಕಿಂತ ಒಳ್ಳೆಯ ಸಮಯ ಯಾವುದು? ಹೆಂಡತಿ ಗಂಡನ ಬೆನ್ನಿಗೆ ಎಣ್ಣೆ ಹಚ್ಚುವಾಗ, ಅಜ್ಜಿ ಮೊಮ್ಮಕ್ಕಳಿಗೆ ತಿಕ್ಕುವಾಗ ಕೈ ಜೊತೆ ಕಣ್ಣೂ ಓಡಲಿ.

ಶಿಬಿರದ ವ್ಯವಸ್ಥೆ ಹೀಗಿದೆ. ಶಾಲೆಯ ಎರಡು ಕೊಠಡಿ ಕೇಳಿದ್ದೇವೆ, ಹೆಣ್ಣುಮಕ್ಕಳಿಗೆ ಬೇರೆ ಕೊಠಡಿ, ಅಲ್ಲಿ ಲೇಡಿ ಡಾಕ್ಟರೇ ಇರುತ್ತಾರೆ, ಜೊತೆಗೆ ಆಶಾ ಕಾರ್ಯಕರ್ತೆಯರು ಇರುತ್ತಾರೆ. ಯಾರಿಗೆ ಏನು ಕಂಡಿತು ಎಂಬುದು ವೈದ್ಯರ ಪುಸ್ತಕದಲ್ಲಿ ಇರುತ್ತದೆ, ಡೈರಿಯ ಕಟ್ಟೆಗೆ ಬರುವುದಿಲ್ಲ. ನಿರ್ದೇಶಕರಿಗೂ ಅದನ್ನು ಕೇಳುವ ಅಧಿಕಾರ ಇಲ್ಲ ಎಂದು ನಡಾವಳಿ ಬರೆದಿದ್ದೇವೆ. ಹಣ ಕೊಡುವಂಥದ್ದು ಏನೂ ಇಲ್ಲ, ಯಶಸ್ವಿನಿ ಕಾರ್ಡೂ ಬೇಕಾಗಿಲ್ಲ, ಅದು ಆಸ್ಪತ್ರೆ ಸೇರುವಾಗಿನ ಮಾತು. ಮುಂದೆ ತೋರಿಸಬೇಕಾದವರನ್ನು ತಾಲೂಕು ಆಸ್ಪತ್ರೆಗೋ ಜಿಲ್ಲಾ ಆಸ್ಪತ್ರೆಗೋ ಕರೆದುಕೊಂಡು ಹೋಗಿ ಬರುವ ಗಾಡಿ ಖರ್ಚನ್ನು ಸಂಘ ಕೊಡುತ್ತದೆ. ಆ ದಿನ ಬೆಳಗ್ಗೆ ಹಾಲು ಹಾಕಿ, ಸ್ನಾನ ಮಾಡಿ, ಅಂಗಾಲು ಉಜ್ಜಿ ತೊಳೆದುಕೊಂಡು ಬನ್ನಿ. ಉಗುರು ಬಣ್ಣ, ಮೆಹಂದಿ, ಕಾಲಿನ ಅರಿಶಿನ ಎರಡು ಮೂರು ದಿನ ಮೊದಲೇ ಬಿಟ್ಟಿರಿ, ಕಲೆ ಮುಚ್ಚಿಹೋಗುತ್ತದೆ. ಮಚ್ಚೆಗೆ ಏನನ್ನೂ ಹಚ್ಚಿಕೊಂಡು ಬರಬೇಡಿ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ, ವೈದ್ಯರು ಮಧ್ಯಾಹ್ನ ಮನೆಗೇ ಬರಲು ಒಪ್ಪಿದ್ದಾರೆ. ಪಟ್ಟಿ ಈಗ ಹೊರಗೆ ಮೇಜಿನ ಮೇಲಿದೆ. ನಿರ್ದೇಶಕರು ಒಂಬತ್ತು ಜನರ ಹೆಸರನ್ನು ಮೊದಲು ಬರೆದಿದ್ದೇವೆ, ಹತ್ತನೆಯದರಿಂದ ನಿಮ್ಮದು.